ಢಾಲು ಅಂದ್ರ ಬರೀ ಪ್ಲಸ್ ಎರಡಾ?

(ಡೈಸ್ ಪುರಾಣ, ಭಾಗ 4. ಕ್ಯಾಪ್ಶನ್ ಉದ್ದ ಐತಿ, ಉಳಿದದ್ದು ಕಾಮೆಂಟಿನ್ಯಾಗ ಪಿನ್ ಮಾಡೀನಿ.)

ಮೊದಲ ಒಂದು ತಪ್ಪೊಪ್ಪಿಗೆ. ಹೋದ ತಿಂಗಳ ರೋಣದಾಗ ದೋಸ್ತನ ಮನಿ ಮಾಳಿಗಿ ಮ್ಯಾಲೆ ಡಿ ಆ್ಯಂಡ್ ಡಿ ಆಡಾಕ ಕುಂತಿದ್ವಿ. ನರಗುಂದದಿಂದ ಇಬ್ರು, ಗಜೇಂದ್ರಗಡದಿಂದ ಒಬ್ಬಾಕಿ ಬಸ್ ಹತ್ತಿ ಬಂದಿದ್ರು. ಡಿಎಂ ನಾನ. (ಡಿಎಂ ಅಂದ್ರ ಇನ್‌ಬಾಕ್ಸ್ ಅಲ್ರೋ, ಆಟ ನಡೆಸಾಂವ.) ಗಜೇಂದ್ರಗಡದಾಕಿಗೆ ಅದು ಮೊದಲ್ನೇ ಆಟ. ಆಕಿ ಪಾತ್ರ ಊರು ಕಾಯೋ ಹೆಣ್ಮಗಳು. ಮೈಮ್ಯಾಲೆ ಕವಚ ಇಲ್ಲ, ಒಂದು ಈಟಿ, ಒಂದು ಢಾಲು, ಅಷ್ಟ.

ಸೇತುವೆ ಮ್ಯಾಲೆ ಓಗರ್ ರಾಕ್ಷಸ ದೊಣ್ಣಿ ಬೀಸಿದ. ಆಕಿ ‘ಢಾಲು ಅಡ್ಡ ಹಿಡಿತೀನಿ’ ಅಂದ್ಲು. ‘ಅದು ಆಗಲೇ ನಿನ್ನ ಎಸಿ ಒಳಗ ಸೇರೇತಿ’ ಅಂತ ನಾ ರೂಲ್ ಹೇಳ್ದೆ. ಒಂದೇ ಏಟು, ಪಾತ್ರ ನೆಲಕ್ಕ. ಮೂರು ಡೆತ್ ಸೇವ್ ಫೇಲ್. ‘ಹಂಗಾದ್ರ ಇದನ್ನ ಕೈಯಾಗ ಯಾಕ ಹಿಡದಿದ್ದೆ?’ ಅಂತ ಕೇಳಿದ್ಲು. ಆವತ್ತಿಂದ ಬಂದಿಲ್ಲ.

ರೂಲ್ ಪ್ರಕಾರ ನಾ ಸರಿ ಇದ್ದೆ. ರೂಲ್ ತಪ್ಪೈತಿ.

ಬಿಕಾಂ ಓದೋರಿಗೆ ಲೆಕ್ಕ ಹೇಳಾಕ ನಾಚಿಕಿ ಏನು? ಕವಚ ಇಲ್ಲದಾಕಿ ಎಸಿ 12. ಓಗರ್‌ಗೆ ಪ್ಲಸ್ 6. ಅಂದ್ರ 20 ಏಟಿನ್ಯಾಗ 15 ತಾಕ್ತಾವ. ಢಾಲು ಹಿಡಿದ್ರ 13. ಈಗ 1500 ಚಿನ್ನದ ನಾಣ್ಯ ಕೊಟ್ಟು ಪ್ಲೇಟ್ ಹಾಕ್ಕೊಂಡ ಸಾಹುಕಾರನ್ನ ನೋಡ್ರಿ, ಎಸಿ 18. ಅವಂಗ 20ರಾಗ 9 ತಾಕ್ತಾವ, ಢಾಲು ಹಿಡಿದ್ರ 7. ಇಬ್ಬರಿಗೂ ಉಳಿದದ್ದು ಎರಡೇ ಏಟು. ಆದ್ರ ಆಕಿಗೆ 15ರಾಗ ಎರಡು, ಅವಂಗ 9ರಾಗ ಎರಡು. ಅದೇ 10 ನಾಣ್ಯದ ಢಾಲು, ಮೈತುಂಬ ಕಬ್ಬಿಣ ಇರೋನಿಗೇ ಹೆಚ್ಚು ಲಾಭ!

ನಿಜದಾಗ ಇದು ಪೂರಾ ಉಲ್ಟಾ. ಯುರೋಪಿನ್ಯಾಗ 15ನೇ ಶತಮಾನದ ಹೊತ್ತಿಗೆ ಪೂರ್ತಿ ಪ್ಲೇಟ್ ಹಾಕ್ಕೊಂಡ ನೈಟ್‌ಗಳು ಢಾಲು ಬಿಟ್ಟು ಎರಡೂ ಕೈಲೆ ಆಯುಧ ಹಿಡಿಯಾಕ ಹತ್ತಿದ್ರು. ಬ್ಯಾಡಾಗಿತ್ತು ಅವರಿಗೆ. ಢಾಲು ಬೇಕಾಗಿದ್ದು ಬರಿಮೈಯವರಿಗೆ. ನಂಬಿಕಿ ಇಲ್ಲಾಂದ್ರ ನಮ್ಮ ಕಡೆ ಹಳೇ ಗುಡಿ ಮಗ್ಗಲಕ ನಿಂತಿರೋ ವೀರಗಲ್ಲು ನೋಡ್ರಿ. ಕೆಳಗಿನ ಸಾಲಿನ್ಯಾಗ ಜಗಳ, ನಡುವ ಅಪ್ಸರೆಯರು ಎತ್ಕೊಂಡು ಹೊಂಟಿರ್ತಾರ, ಮ್ಯಾಲೆ ಲಿಂಗ. ಆ ಕೆಳಗಿನ ವೀರಗ ಎಷ್ಟೋ ಕಲ್ಲಿನ್ಯಾಗ ಎದಿ ಮ್ಯಾಲೆ ಏನೂ ಇಲ್ಲ, ಒಂದ ಕೈಯಾಗ ಕತ್ತಿ, ಇನ್ನೊಂದ ಕೈಯಾಗ ಢಾಲು. ದನ ಬಿಡಿಸಾಕ ಹೋದಾಂವಗ ಪ್ಲೇಟ್ ಎಲ್ಲಿಂದ ಬರಬೇಕು?

ಇನ್ನೊಂದು, ಢಾಲು ಅಂಗಿ ಅಲ್ಲ. ಮ್ಯೂಸಿಯಂದಾಗಿನ ದುಂಡನ್ನ ಢಾಲಿನ ಹಿಂದ ಎರಡು ಹಿಡಿಕಿ ಇರ್ತಾವ, ಎರಡೂ ಕೂಡಿಸಿ ಮುಷ್ಟಿಯಾಗ ಹಿಡಿಯೋದು, ಬೆರಳಿಗೆ ಪೆಟ್ಟು ಬೀಳಬಾರದಂತ ನಡುವ ಮೆತ್ತನ್ನ ಗಾದಿ. ಮುಂದಿನ ನಾಕು ಗುಬ್ಬಿ ಬರೀ ಚೆಂದಕ್ಕಲ್ಲ, ಹಿಡಿಕಿ ಕೂಡಿಸಿದ ಮೊಳಿ ಅಲ್ಲೇ ಇರ್ತಾವ. ಅಂದ್ರ ಅದನ್ನ ಕೈ ಆಡಿಸಿ ಆಡೋದು. ಆಡ್ಸೋ ವಸ್ತುಕ್ಕ ಆಟಗಾರ್ತಿ ‘ಈಗ’ ಅನ್ನೋ ಅಧಿಕಾರ ಇರಬೇಕಿಲ್ಲೋ?

1974ರ ಮೊದಲ್ನೇ ಡಿ ಆ್ಯಂಡ್ ಡಿಯೊಳಗ ಢಾಲಿಗೆ ಒಂದೇ ಪಾಯಿಂಟ್ ಇತ್ತು, ಈಗ ಎರಡು. 1978ರ ರೂನ್‌ಕ್ವೆಸ್ಟ್ ಆಗಲೇ ಬ್ಯಾರೆ ದಾರಿ ಹಿಡಿದಿತ್ತು. ಕವಚ ಪೆಟ್ಟಿನ ಜೋರು ತಗ್ಗಿಸ್ತೈತಿ, ಢಾಲಿನಿಂದ ತಡಿಯಾಕ ಬ್ಯಾರೇನ ಡೈಸ್. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯೊಳಗ ಢಾಲು ಎತ್ತಾಕ ಒಂದು ಆ್ಯಕ್ಷನ್ ಕೊಡಬೇಕು. ಎತ್ತಿದ ಮ್ಯಾಲೆ ಉಕ್ಕಿನ ಢಾಲು ಒಂದು ಏಟಿನ್ಯಾಗ 5 ಪೆಟ್ಟು ನುಂಗ್ತೈತಿ, ಮಿಕ್ಕಿದ್ದು ನಿಮಗೂ ಬೀಳ್ತೈತಿ, ಢಾಲಿಗೂ ಬೀಳ್ತೈತಿ. ಸವಕಳಿ ಲೆಕ್ಕ ಅಂದ್ರ ಇದು!

‘ಅಷ್ಟೆಲ್ಲಾ ಡೈಸ್ ಹಾಕ್ಕೋತ ಕುಂತ್ರ ಕಡೀ ಬಸ್ ತಪ್ಪತೈತಿ’ ಅಂತೀರಿ. ಖರೇ. ಒಂದೇ ಡೈಸಿನ್ಯಾಗ ಮುಗಿಯೋ ಎಸಿ ನನಗೂ ಇಷ್ಟ, ಕವಚದ ಮಟ್ಟಿಗೆ ಇರಲಿ ಬಿಡ್ರಿ. ಢಾಲಿಗೆ ಮಾತ್ರ ಹಳೇ ಆಟಗಾರರ ಮನಿ ರೂಲ್ ಒಂದೈತಿ, ‘ಶೀಲ್ಡ್ಸ್ ಶಲ್ ಬಿ ಸ್ಪ್ಲಿಂಟರ್ಡ್’ ಅಂತಾರ. ಏಟು ತಾಕಿದ ಮ್ಯಾಲೆ ‘ಢಾಲು ಒಡ್ದೆ’ ಅಂದ್ರ ಢಾಲು ಚೂರು, ನಿಮಗ ಪೆಟ್ಟು ಸೊನ್ನೆ. ಹೆಚ್ಚಿನ ಡೈಸ್ ಒಂದೂ ಇಲ್ಲ. ಹತ್ತು ಢಾಲು ಹೊತ್ಕೊಂಡು ಬರಾವ್ರಿಗೆ ನನ್ನ ಉತ್ತರ: ಕೈಯಾಗ ಒಂದು, ಬೆನ್ನಿಗೆ ಒಂದು, ಅದನ್ನ ಇಳಿಸ್ಕೊಳ್ಳಾಕ ಒಂದು ಪೂರ್ತಿ ಆ್ಯಕ್ಷನ್.

ಈ ಭಾನುವಾರ ಅದೇ ಸೇತುವೆ, ಅದೇ ಓಗರ್, ಈ ರೂಲ್. ಗಜೇಂದ್ರಗಡದಾಕಿಗೆ ಮೆಸೇಜ್ ಹಾಕೀನಿ. ನೋಡ್ಯಾಳ, ಉತ್ತರ ಬಂದಿಲ್ಲ. ಆಕಿ ಪಾತ್ರದ ಹಾಳಿ ಹರಿದಿಲ್ಲ, ನನ್ನ ಟ್ಯಾಲಿ ಪುಸ್ತಕದಾಗ ಐತಿ. ನರಗುಂದದವರು ನಿಮ್ಮ ಡೈಸ್ ನೀವ ತರ್ರಿ.