ಹಾಲು ಸಾಲದೆಂಬ ಅಂಜಿಕೆ

ಭದ್ರಾವತಿಯ ಓಲ್ಡ್ ಟೌನ್ ಇರಲಿ, ಬೇರೆ ಯಾವ ಊರೇ ಇರಲಿ, ಬಾಣಂತಿಯ ಮನೆಯಲ್ಲಿ ಈ ಮಾತು ಕೇಳಿಬರುತ್ತದೆ: "ಕೂಸು ಸೊರಗಿದೆ, ಎದೆಹಾಲು ಸಾಲುತ್ತಿಲ್ಲ, ಬಾಟಲಿ ಹಾಲು ಕೊಡಿ."

ಮೊದಲ ಕೆಲವು ದಿನ ಕೂಸಿನ ತೂಕ ಇಳಿಯುವುದು ಸಹಜ. 3 ಕಿಲೋ ಇದ್ದ ಕೂಸು 200 ಗ್ರಾಂ ಇಳಿದರೆ ಗಾಬರಿ ಬೇಡ. ಎರಡು ವಾರದೊಳಗೆ ಹುಟ್ಟುತೂಕ ಮರಳಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು.

ಏರದಿದ್ದರೆ? ತಾಯಿಯ ಎದೆ ತುಂಬಿಟ್ಟ ಕೊಡವಲ್ಲ, ಸೇದಿದಷ್ಟೂ ಒಸರುವ ಬಾವಿ. ಕೂಸು ಚೀಪಿದಾಗ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಸ್ರವಿಸುತ್ತದೆ, ಹಾಲು ಉತ್ಪತ್ತಿಯಾಗುತ್ತದೆ. ಎದೆಯಲ್ಲಿ ಹಾಲು ಉಳಿದರೆ ಉತ್ಪತ್ತಿ ತಗ್ಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದು ಕಡಿಮೆ. ಆಗ ಹಾಲು ಸಾಲದೆಂಬ ಅಂಜಿಕೆ ನಿಜವಾಗಿಬಿಡುತ್ತದೆ!

ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಕೂಸಿನ ಬಾಯೊಳಗಿರಲಿ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಐದನೆಯ ದಿನದಿಂದಾಚೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ ಎಂಬ ಸೂಚನೆ. ಜೇನು, ಸಕ್ಕರೆ ನೀರು ಬೇಡ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಹಾಕಿಸಿ.

ತೂಕ ಏರದ, ಮಂಕಾಗಿ ಮಲಗಿರುವ, ಕುಡಿಯಲೂ ಏಳದ ಕೂಸನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಮೇಲುಹಾಲು ಬೇಕೋ ಬೇಡವೋ, ಹೇಳಬೇಕಾದವರು ಅವರು, ನೆರೆಮನೆಯವರಲ್ಲ.