ಹಾಲ್‌ಮಾರ್ಕ್: ಕೆತ್ತನೆಯನ್ನಲ್ಲ, ಸಂಖ್ಯೆಯನ್ನು ನೋಡಿ

ಚಿನ್ನದ ಬೆಲೆ ಏರಿದಷ್ಟೂ ಹಾಲ್‌ಮಾರ್ಕ್ ಮೇಲಿನ ನಮ್ಮ ಅವಲಂಬನೆ ಹೆಚ್ಚಿದೆ. ಹಾಲ್‌ಮಾರ್ಕ್ ಕಡ್ಡಾಯವಿರುವ ಚಿನ್ನಾಭರಣವನ್ನು 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಲಾಂಛನ, 22ಕೆ916ರಂಥ ಶುದ್ಧತೆಯ ಗುರುತು, ಅಕ್ಷರ–ಅಂಕಿ ಸೇರಿ ಆರು ಸ್ಥಾನಗಳ ಎಚ್‌ಯುಐಡಿ– ಇವನ್ನು ಒಡವೆಯ ಮೇಲೆ ಮೂಡಿಸುವುದು ಲೇಸರ್ ಯಂತ್ರ. ಮುಂಬೈಯಲ್ಲಿ ಲೇಸರ್ ಯಂತ್ರಗಳ ಜೋಡಣೆ, ದುರಸ್ತಿ ನನ್ನ ವೃತ್ತಿ. ಆ ಅನುಭವದಿಂದ ಹೇಳುವುದಾದರೆ, ಕೆತ್ತನೆ ಅಚ್ಚುಕಟ್ಟಾಗಿದೆ ಎಂಬುದು ಶುದ್ಧತೆಗೆ ಸಾಕ್ಷಿಯಲ್ಲ.

ಕಂಪ್ಯೂಟರಿನ ಚಿತ್ರವನ್ನು ತಂತ್ರಾಂಶ ಗೆರೆ, ಚುಕ್ಕಿಗಳಾಗಿ ಒಡೆಯುತ್ತದೆ. ಎರಡು ಪುಟ್ಟ ಕನ್ನಡಿಗಳು ವೇಗವಾಗಿ ಹೊರಳುತ್ತ ಲೇಸರ್ ಕಿರಣವನ್ನು ಅದೇ ಜಾಡಿನಲ್ಲಿ ಓಡಿಸುತ್ತವೆ. ಕಿರಣ ಬಿದ್ದಲ್ಲಿ ಲೋಹದ ಅತಿ ತೆಳು ಪದರ ಕರಗಿ ಆವಿಯಾಗುತ್ತದೆ. ಮರದ ಮೇಲೆ ಫೋಟೊ ಮೂಡಿಸುವುದೂ ಹೆಚ್ಚುಕಡಿಮೆ ಹೀಗೆಯೇ: ಸುಟ್ಟ ಚುಕ್ಕಿ ಒತ್ತಾದಲ್ಲಿ ಕಪ್ಪು, ವಿರಳವಾದಲ್ಲಿ ತಿಳಿ. ಕೆತ್ತುತ್ತಿರುವುದು ಮಗುವಿನ ಹೆಸರೋ ಬಿಐಎಸ್ ಲಾಂಛನವೋ ಯಂತ್ರಕ್ಕೆ ತಿಳಿಯದು. ಕೆಳಗಿರುವುದು ಚಿನ್ನವೋ ಹಿತ್ತಾಳೆಯೋ ಎಂದೂ ಅದು ನೋಡುವುದಿಲ್ಲ. ಶುದ್ಧತೆ ಪರೀಕ್ಷಿಸುವುದು ಹಾಲ್‌ಮಾರ್ಕಿಂಗ್ ಕೇಂದ್ರದ ಬೇರೆಯೇ ಕೆಲಸ. ಲೇಸರ್ ಯಂತ್ರವೋ ಇಂದು ಉಡುಗೊರೆ ಅಂಗಡಿಗಳಲ್ಲೂ ಇದೆ.

ಹಾಗಾಗಿ ವ್ಯವಸ್ಥೆಯ ಬಲ ಇರುವುದು ಮುದ್ರೆಯಲ್ಲಲ್ಲ, ಅದರ ಹಿಂದಿನ ದಾಖಲೆಯಲ್ಲಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರದ ವಿವರ ಬರುತ್ತದೆ. ಉಂಗುರದ ಸಂಖ್ಯೆಯನ್ನು ಸರಕ್ಕೆ ಕೆತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅಸಲಿ ಉಂಗುರದ ಸಂಖ್ಯೆಯನ್ನು ಇನ್ನೊಂದು ಉಂಗುರಕ್ಕೆ ನಕಲು ಮಾಡಿದರೆ? ಸಂಖ್ಯೆ ಒಂದೇ ಆದ್ದರಿಂದ ಆ್ಯಪ್ ಎರಡಕ್ಕೂ ಅದೇ ಉತ್ತರ ಕೊಡುತ್ತದೆ. ಈ ಸಂದಿಯನ್ನು ಗ್ರಾಹಕನೊಬ್ಬನೇ ಮುಚ್ಚಲಾರ. ಅಂಗಡಿಯಲ್ಲಿನ ಒಡವೆಗಳನ್ನು ಆಗಾಗ ತೆಗೆದುಕೊಂಡು ಹೋಗಿ ಪರೀಕ್ಷಿಸುವ ಹೊಣೆ ಬಿಐಎಸ್‌ನದ್ದು.

ನಮ್ಮ ಕೈಯಲ್ಲೂ ಒಂದಿಷ್ಟಿದೆ. ಊರಿನ ಮದುವೆಗೆಂದು ಝವೇರಿ ಬಜಾರ್‌ನಲ್ಲಿ ಒಡವೆ ಕೊಳ್ಳುವವರು ಭೂತಗನ್ನಡಿ ಕೇಳಿ ಸಂಖ್ಯೆ ಓದಿ, ಹಣ ಕೊಡುವ ಮೊದಲೇ ಆ್ಯಪ್‌ನಲ್ಲಿ ನೋಡಿ. ಬಿಲ್ಲಿನಲ್ಲಿ ಎಚ್‌ಯುಐಡಿ, ಶುದ್ಧತೆ, ನಿವ್ವಳ ತೂಕ ಬರೆಸಿಕೊಳ್ಳಿ. ಅನುಮಾನವಿದ್ದರೆ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆಯ ಮೊತ್ತದ ಎರಡು ಪಟ್ಟು ಪರಿಹಾರ ಮತ್ತು ಪರೀಕ್ಷಾ ಶುಲ್ಕ ಸಿಗಬೇಕು. ಅದನ್ನು ಕೇಳಲು ಬಿಲ್ಲು ಕೈಯಲ್ಲಿರಬೇಕು. ಬಿಲ್ಲಿಲ್ಲದೆ ಸಿಗುವ ರಿಯಾಯಿತಿಗೆ ಮರುಳಾದರೆ ಈ ಹಕ್ಕನ್ನೇ ಬಿಟ್ಟುಕೊಟ್ಟಂತೆ.