ಬರ್ಲಿನ್‌ನಲ್ಲಿ ಅರಬ್ಬಿ ಸುದ್ದಿ

2015ರಲ್ಲಿ ಒಂಬತ್ತು ಲಕ್ಷದಷ್ಟು ಜನ ಆಶ್ರಯ ಕೇಳಿಕೊಂಡು ಜರ್ಮನಿಗೆ ಬಂದರು. ಊಟ, ಹಾಸಿಗೆ ಸಿಕ್ಕ ಮೇಲೆ ಅವರನ್ನು ಕಾಡಿದ್ದು ಕಾಗದಪತ್ರ. ಅರ್ಜಿ ಎಲ್ಲಿ ಕೊಡಬೇಕು? ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ? ಉತ್ತರವೇನೋ ಇತ್ತು, ಆದರೆ ಜರ್ಮನ್‌ನಲ್ಲಿ. ಹಾಗಾಗಿ ಫೇಸ್‌ಬುಕ್ ಗುಂಪುಗಳಲ್ಲಿ ಗಾಳಿಸುದ್ದಿಯದೇ ರಾಜ್ಯಭಾರ.

ಎನ್-ಟಿವಿ ಎಂಬ ಸುದ್ದಿವಾಹಿನಿ ಆ ಸೆಪ್ಟೆಂಬರ್‌ನಲ್ಲೇ ‘ಮರ್ಹಬಾ’ ಎಂಬ ಕಾರ್ಯಕ್ರಮ ತೆಗೆಯಿತು. ಕಾನ್‌ಸ್ಟಾಂಟಿನ್ ಶ್ರೈಬರ್ ಎಂಬ ಜರ್ಮನ್ ಪತ್ರಕರ್ತ ಅಲ್ಲಿನ ರೀತಿನೀತಿ, ಕಾನೂನುಗಳನ್ನು ಅರಬ್ಬಿಯಲ್ಲೇ ವಿವರಿಸಿದರು. 2016ರ ಆರಂಭದಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಡಬ್ಲ್ಯುಡಿಆರ್ ಅರಬ್ಬಿ, ಪರ್ಷಿಯನ್‌ಗಳಲ್ಲೂ ಸುದ್ದಿ ಕೊಡತೊಡಗಿತು.

ಇದಕ್ಕೆ ಆಕ್ಷೇಪವೂ ಬಂತು. ಸಾರ್ವಜನಿಕ ಪ್ರಸಾರಕ್ಕೆಂದು ಪ್ರತಿ ಮನೆಯೂ ಶುಲ್ಕ ಕಟ್ಟುವ ದೇಶ ಅದು; ಆಗ ಅದು ತಿಂಗಳಿಗೆ ಹದಿನೇಳೂವರೆ ಯೂರೋ ಇತ್ತು. ಆ ದುಡ್ಡಿನಲ್ಲಿ ಬಂದವರ ನುಡಿಯಲ್ಲೇ ಎಲ್ಲವನ್ನೂ ಬಡಿಸಿದರೆ ಅವರು ಜರ್ಮನ್ ಕಲಿಯುವುದೆಂದು? ಈ ಮಾತನ್ನು ಬರೀ ದ್ವೇಷ ಎಂದು ತಳ್ಳಿಹಾಕಲಾಗದು. ತಮ್ಮದೇ ವಾಹಿನಿಗಳ ನಡುವೆ ವರ್ಷಗಟ್ಟಲೆ ಬಾಳಿಬಿಡುವುದು ಸಾಧ್ಯ. ಆದರೆ ಮೊದಲ ವರ್ಷ ಕೈಗೆ ಬಂದ ನೋಟಿಸು ಭಾಷೆ ಕಲಿಯುವವರೆಗೆ ಕಾಯುವುದಿಲ್ಲ. ಇದು ಹೊಸ ಪಾಠವೂ ಅಲ್ಲ: ಡಬ್ಲ್ಯುಡಿಆರ್ 1964ರಲ್ಲೇ ವಲಸೆ ಕಾರ್ಮಿಕರಿಗೆ ತುರ್ಕಿ ಬಾನುಲಿ ಶುರು ಮಾಡಿತ್ತು. ಬರ್ಲಿನ್‌ನ ಬಹುಭಾಷಾ ಕೇಂದ್ರ ‘ರೇಡಿಯೋ ಮಲ್ಟಿಕುಲ್ಟಿ’ಯನ್ನು ಮಾತ್ರ ಖರ್ಚು ಉಳಿಸಲೆಂದು 2008ರ ಕೊನೆಗೆ ಮುಚ್ಚಿದರು. ಏಳೇ ವರ್ಷದಲ್ಲಿ ಮತ್ತೆ ಬೇಕಾಯಿತು! ಮಿತವ್ಯಯದ ಲೆಕ್ಕ ಹೀಗೂ ಇರುತ್ತದೆ.

ಸರಕಾರವೇ ಸುದ್ದಿ ಹೇಳಹೊರಟಾಗ ತೊಡಕು ಬೇರೆ. 2015ರ ಕೊನೆಗೆ ಜರ್ಮನ್ ರಾಯಭಾರ ಕಚೇರಿ ಕಾಬೂಲ್‌ನಲ್ಲಿ, ದೇಶ ಬಿಡುವ ಮುನ್ನ ಯೋಚಿಸಿ ಎಂಬರ್ಥದ ಫಲಕಗಳನ್ನು ಹಾಕಿಸಿತು. 2017ರಲ್ಲಿ ವಿದೇಶಾಂಗ ಖಾತೆ ವದಂತಿಗಳನ್ನು ಅಲ್ಲಗಳೆಯಲೆಂದೇ ಒಂದು ಜಾಲತಾಣ ತೆರೆಯಿತು. ಗಡಿ ದಾಟಿಸುವ ದಲ್ಲಾಳಿಗಳ ಸುಳ್ಳು ನಂಬಿ ಆಸ್ತಿ ಮಾರಿ ಹೊರಟವರಿಗೆ ನಿಜ ತಿಳಿಯಬೇಕಾದ್ದೇ. ಆದರೂ ‘ಬರಬೇಡಿ’ ಎನ್ನುವವರು ಕೊಟ್ಟ ಮಾಹಿತಿ ಪೂರ್ತಿಯೆಂದು ನಂಬುವುದು ಹೇಗೆ?

ಇನ್ನು ಜರ್ಮನ್ ಪತ್ರಿಕೆಗಳು. 2015ರ ಡಿಸೆಂಬರ್ 31ರ ರಾತ್ರಿ ಕಲೋನ್‌ನಲ್ಲಿ ಹೆಂಗಸರ ಮೇಲೆ ನಡೆದ ದೌರ್ಜನ್ಯದ ಸುದ್ದಿ ದೇಶಕ್ಕೆಲ್ಲ ಹಬ್ಬಲು ದಿನಗಳೇ ಹಿಡಿದವು. ಆರೋಪಿಗಳು ವಲಸಿಗರೆಂದೇ ಮುಚ್ಚಿಟ್ಟರೆಂಬ ಗುಮಾನಿ ಬೇರೂರಿತು. 2017ರಲ್ಲಿ ಪತ್ರಿಕಾ ಮಂಡಳಿ ಆರೋಪಿಯ ಮೂಲ ಹೇಳುವ ಕುರಿತ ನಿಯಮವನ್ನೇ ತಿದ್ದಿತು: ಸಮರ್ಥನೀಯ ಸಾರ್ವಜನಿಕ ಹಿತವಿದ್ದರೆ ಹೇಳಬಹುದು. ನನಗೆ ಇದು ಸರಿಯೆನಿಸುತ್ತದೆ. ಬಚ್ಚಿಟ್ಟ ಸುದ್ದಿಯ ದಂಡ ತೆರುವವರು ಕೊನೆಗೆ ನಿರಪರಾಧಿ ನಿರಾಶ್ರಿತರೇ. ಆದರೆ ಜೇಬುಗಳ್ಳತನಕ್ಕೂ ಊರು-ದೇಶ ಬರೆಯುವ ಚಟ ಅಂಟಿದರೆ ಅದೂ ಅನ್ಯಾಯ.

ಸರಕಾರದ ಮಾಹಿತಿ, ಜರ್ಮನ್ ಪತ್ರಿಕೆ ಈ ಎರಡಕ್ಕಿಂತ ನಾನು ಹೆಚ್ಚು ಒಲಿಯುವುದು ‘ಅಮಲ್’ನ ದಾರಿಗೆ. 2017ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ಸುದ್ದಿತಾಣವನ್ನು ತಮ್ಮ ನುಡಿಗಳಲ್ಲೇ ನಡೆಸುವವರು ಹೊರಗಿಂದ ಬಂದ ಪತ್ರಕರ್ತರೇ. 2019ರಲ್ಲಿ ‘ಹ್ಯಾಂಬರ್ಗರ್ ಆಬೆಂಡ್‌ಬ್ಲಾಟ್’ ಪತ್ರಿಕೆಯ ಸಹಯೋಗದಲ್ಲಿ ಹ್ಯಾಂಬರ್ಗ್‌ಗೂ ಕಾಲಿಟ್ಟಿತು. ಇವರು ಬರೀ ತಮ್ಮ ಸಂಕಟ ತೋಡಿಕೊಳ್ಳುವವರಲ್ಲ, ತಾವಿರುವ ಊರಿನ ವರದಿಗಾರರು. 2022ರಲ್ಲಿ ಉಕ್ರೇನಿಯನ್ನರು ಬಂದಾಗ ಅವರ ಭಾಷೆಯನ್ನೂ ಸೇರಿಸಿಕೊಂಡರು. ಕೊರತೆಯೆಂದರೆ ಇದು ನಿಂತಿರುವುದು ಚರ್ಚು, ಪ್ರತಿಷ್ಠಾನಗಳ ಅನುದಾನದ ಮೇಲೆ, ಪ್ರಸಾರ ಶುಲ್ಕದ ಮೇಲಲ್ಲ. ಸರಕಾರಿ ನೆರವಿನಲ್ಲಿರುವ ಆಶ್ರಯಾರ್ಥಿಗಳಿಗೆ ಆ ಶುಲ್ಕದಿಂದ ವಿನಾಯಿತಿಯುಂಟು, ನಿಜ. ಆದರೆ ಕೆಲಸ ಹಿಡಿದು ಸಂಸಾರ ಹೂಡಿದ ಸಿರಿಯನ್ನನೂ ಅದನ್ನು ಕಟ್ಟುತ್ತಾನೆ. ಯಾರ ದುಡ್ಡು ಎಂದು ಕೇಳುವವರು ಅವನ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.